ಒಂದು ಜೆರಾಕ್ಸ್ ಕೊಡಿ

ಸರ್ಕಾರಿ ಅರ್ಜಿ ನಮೂನೆಗಳಲ್ಲಿ ‘ಛಾಯಾಪ್ರತಿ’ ಎಂದು ಅಚ್ಚಾಗಿರುತ್ತದೆ. ಕೆಲವುಗಳಲ್ಲಿ ಇನ್ನೂ ಚೆಂದದ ಪದವಿದೆ, ‘ನೆರಳಚ್ಚು’. ಆದರೆ ಅದೇ ಅರ್ಜಿಯನ್ನು ಕೈಗೆತ್ತಿಕೊಂಡ ಗುಮಾಸ್ತರ ಬಾಯಲ್ಲಿ ಬರುವುದು, ‘ಆಧಾರ್ ಎರಡೂ ಕಡೆ, ಪಹಣಿ ಒಂದು, ಎದುರುಗಡೆ ಜೆರಾಕ್ಸ್ ಮಾಡಿಸ್ಕೊಂಡ್ ಬನ್ನಿ.’

ಎದುರುಗಡೆ ಅಂಗಡಿ ಇದ್ದೇ ಇರುತ್ತದೆ. ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಜೆರಾಕ್ಸ್, ಅದರ ಕೆಳಗೆ ಲ್ಯಾಮಿನೇಷನ್, ಡಿಟಿಪಿ, ಸ್ಪೈರಲ್ ಬೈಂಡಿಂಗ್. ಒಳಗೆ ಗರಗರ ಎನ್ನುವ ಮಷಿನ್ ಮಾತ್ರ ಬಹುಮಟ್ಟಿಗೆ ಕೆನಾನ್, ರಿಕೋ ಅಥವಾ ಕ್ಯೋಸೆರಾದ್ದು. ಅಮೆರಿಕದ ಕಂಪನಿಯ ಹೆಸರಿನಡಿ ಜಪಾನಿನ ಯಂತ್ರ ಓಡುವುದು ಯಾರಿಗೂ ವಿಚಿತ್ರವೆನಿಸಿಲ್ಲ.

ಈ ಹೆಸರಿನ ಹಿಂದಿರುವುದೂ ಕಾಗದದ ಕಾಟವೇ. ನ್ಯೂಯಾರ್ಕಿನ ಕಂಪನಿಯೊಂದರ ಪೇಟೆಂಟ್ ವಿಭಾಗದಲ್ಲಿದ್ದ ಚೆಸ್ಟರ್ ಕಾರ್ಲ್‌ಸನ್ನನಿಗೆ ದಾಖಲೆಗಳ ನಕಲು ಸಾಲುತ್ತಿರಲಿಲ್ಲ. ಬೇಕೆಂದರೆ ಮತ್ತೆ ಟೈಪ್ ಮಾಡಿಸಬೇಕು, ಇಲ್ಲವೇ ಫೋಟೊ ತೆಗೆಸಬೇಕು. 1938ರ ಅಕ್ಟೋಬರ್ 22ರಂದು ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ, ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ, ಅಕ್ಷರ ಬರೆದ ಗಾಜನ್ನಿಟ್ಟು ಬೆಳಕು ಬಿಟ್ಟು, ಪುಡಿ ಉದುರಿಸಿ ಊದಿದ. ಹಾರದೆ ಉಳಿದ ಪುಡಿಯಲ್ಲಿ ಅಂದಿನ ತಾರೀಖು ಮತ್ತು ಊರಿನ ಹೆಸರು ಮೂಡಿತ್ತು. ದ್ರಾವಣದ ಹಂಗಿಲ್ಲದ ಈ ವಿಧಾನಕ್ಕೆ, ‘ಒಣ’ ಎಂಬರ್ಥದ ಗ್ರೀಕ್ ಪದ ಹಿಡಿದು ಹೆಸರಿಟ್ಟರು. 1959ರಲ್ಲಿ ಇದೇ ವಿಧಾನದ ‘914’ ನಕಲು ಯಂತ್ರ ಬಂದು ಗೆದ್ದಿತು. ಅದನ್ನು ತಯಾರಿಸಿದ ಕಂಪನಿ 1961ರಲ್ಲಿ ಹೇಲಾಯ್ಡ್ ಎಂಬ ತನ್ನ ಹಳೆಯ ಹೆಸರನ್ನೇ ಬಿಟ್ಟು ಬರೀ ಜೆರಾಕ್ಸ್ ಆಯಿತು. ನಮ್ಮಲ್ಲಿಗೆ ಬಂದದ್ದು 1983ರಲ್ಲಿ, ಮೋದಿ ಉದ್ಯಮ ಸಮೂಹದ ಜೊತೆಗೂಡಿ.

ಹೆಸರು ಹೀಗೆ ಬೀದಿಪಾಲಾದರೆ ಟ್ರೇಡ್‌ಮಾರ್ಕ್ ಕೈತಪ್ಪೀತೆಂದು, ದಯವಿಟ್ಟು ಇದನ್ನು ಕ್ರಿಯಾಪದ ಮಾಡಬೇಡಿ ಎಂದು ಕಂಪನಿ ಜಾಹೀರಾತನ್ನೇ ಕೊಟ್ಟಿತು. ಕನ್ನಡ ಕೇಳಲಿಲ್ಲ. ಅದೂ ನಾವು ‘ಜೆರಾಕ್ಸ್ ಮಾಡು’ ಎನ್ನುವುದು ಕಡಿಮೆ, ‘ಮಾಡಿಸು’ ಎನ್ನುವುದೇ ಹೆಚ್ಚು. ಯಂತ್ರ ನಮ್ಮದಲ್ಲ, ಗುಂಡಿ ಒತ್ತುವವರು ಬೇರೆ. ಯಂತ್ರವೇ ಬೇಡದ ಪ್ರಯೋಗವೂ ಇದೆ: ತೊಟ್ಟಿಲಲ್ಲಿರುವ ಕೂಸನ್ನು ನೋಡಲು ಬಂದವರು ‘ಥೇಟ್ ಅಪ್ಪನ ಜೆರಾಕ್ಸು’ ಎಂದುಬಿಡುತ್ತಾರೆ.

ನನಗೆ ತಕರಾರಿರುವುದು ಪದದ ಮೇಲಲ್ಲ, ಅದು ತಂದ ಅಭ್ಯಾಸದ ಮೇಲೆ. ನಕಲು ಎಂದರೆ ಹಿಂದೆ ಒಬ್ಬರು ಕೂತು ಬರೆಯಬೇಕಿತ್ತು, ಹಾಗಾಗಿ ತೀರಾ ಬೇಕಾದಾಗ ಮಾತ್ರ ಕೇಳುತ್ತಿದ್ದರು. ಒಂದೆರಡು ರೂಪಾಯಿಗೆ ಸಿಗತೊಡಗಿದ ಮೇಲೆ ಕೇಳುವುದಕ್ಕೆ ಕಾರಣವೇ ಬೇಕಿಲ್ಲ. ಲಾಡ್ಜಿನಲ್ಲಿ ಮಲಗಲು ಒಂದು, ಬಾಡಿಗೆ ಮನೆಗೆ ಒಂದು. ಆಧಾರ್ ಹುಟ್ಟಿದ್ದೇ ಬೆರಳಿಟ್ಟು ಗುರುತು ಪತ್ತೆ ಮಾಡಲು. ಅದರದ್ದೂ ಜೆರಾಕ್ಸ್ ಬೇಕು, ಕೆಳಗೊಂದು ಸಹಿ ಬೇಕು. ಆ ಕಟ್ಟುಗಳು ಆಮೇಲೆ ಎಲ್ಲಿಗೆ ಹೋಗುತ್ತವೆಂದು ಕೇಳುವವರಿಲ್ಲ. ಕಡಲೆಕಾಯಿಯ ಪೊಟ್ಟಣ ಬಿಚ್ಚಿದಾಗ ಯಾರದೋ ಮುಖ ಕಪ್ಪುಕಪ್ಪಾಗಿ ಕಂಡರೆ ನಮಗೀಗ ಆಶ್ಚರ್ಯವಾಗುವುದಿಲ್ಲ.

ಈಚೆಗೆ ಅಂಗಡಿಯವರು ಒರಿಜಿನಲ್ ಕೇಳುವುದೂ ಇಲ್ಲ, ‘ಈ ನಂಬರಿಗೆ ವಾಟ್ಸಾಪ್ ಮಾಡಿ’ ಎನ್ನುತ್ತಾರೆ. ಮೊಬೈಲಿನಿಂದ ನೇರ ಪ್ರಿಂಟಾಗಿ ಬಂದ ಹಾಳೆಗೂ ಹೆಸರು ಜೆರಾಕ್ಸೇ. ಮನೆಗೆ ಬಂದ ಮೇಲೆ ನೆನಪಾಗುತ್ತದೆ: ನಮ್ಮ ಪ್ಯಾನ್ ಕಾರ್ಡು ಇನ್ನೂ ಅವರ ಫೋನಿನಲ್ಲೇ ಇದೆ.