ದೇವನಹಳ್ಳಿ ಕೋಟೆಯ ಗೋಡೆ ಕಲಿಸುವ ಭೌತವಿಜ್ಞಾನ

ಬೆಂಗಳೂರಿನಿಂದ ವಿಮಾನ ನಿಲ್ದಾಣದ ಕಡೆಗೆ ನೀವು ಹೋಗಿರಬಹುದು. ನಿಲ್ದಾಣದ ಕಡೆಗೆ ತಿರುಗದೆ ಹೆದ್ದಾರಿಯಲ್ಲೇ ಮುಂದುವರಿದರೆ ದೇವನಹಳ್ಳಿ ಸಿಗುತ್ತದೆ. ಊರಿನ ಸುತ್ತ ಈಗ ಕೈಗಾರಿಕಾ ಪ್ರದೇಶಗಳು, ಹೊಸ ಬಡಾವಣೆಗಳು. ನಡುವೆ ಸುಮಾರು 20 ಎಕರೆ ವಿಸ್ತಾರದ, ಮೊಟ್ಟೆಯಾಕಾರದ ಹಳೆಯ ಕೋಟೆ.

ಇದರ ಇತಿಹಾಸ ಸ್ವಾರಸ್ಯಕರವಾದುದು. 1501ರಲ್ಲಿ ಆವತಿ ವಂಶದ ಮಲ್ಲಭೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. 1740ರ ದಶಕದ ಕೊನೆಯಲ್ಲಿ ಮೈಸೂರಿನ ನಂಜರಾಜಯ್ಯ ಇದನ್ನು ಗೆದ್ದುಕೊಂಡ. ಇಲ್ಲಿನ ಮುತ್ತಿಗೆಯಲ್ಲಿ ಮೊದಲ ಬಾರಿಗೆ ಹೆಸರು ಮಾಡಿದವನು ಹೈದರಾಲಿ. ಅವನ ಮಗ ಟಿಪ್ಪು ಹುಟ್ಟಿದ್ದು ಇದೇ ಊರಿನಲ್ಲಿ. ಇಂದು ನಾವು ಕಾಣುವ ಕಲ್ಲಿನ ಕೋಟೆ ಈ ತಂದೆ ಮಕ್ಕಳ ಕಾಲದ್ದೆಂದು ಹೇಳಲಾಗುತ್ತದೆ.

ಇಷ್ಟು ಇತಿಹಾಸದ ಪಾಠವಾಯಿತು. ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಮಣ್ಣಿನ ಗೋಡೆ ಕಲ್ಲಿನದಾದದ್ದು ಏಕೆ? ಬುರುಜುಗಳು ಚೌಕವಾಗಿರದೆ ದುಂಡಗಿರುವುದು ಏಕೆ?

ಒಂದು ಸಣ್ಣ ಲೆಕ್ಕ ಮಾಡೋಣ. 8 ಕಿ.ಗ್ರಾಂ. ತೂಕದ ಕಬ್ಬಿಣದ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಗೋಡೆಗೆ ಬಡಿಯುತ್ತದೆ ಎಂದಿಟ್ಟುಕೊಳ್ಳಿ. ಅದರ ಚಲನಶಕ್ತಿ 6,40,000 ಜೂಲ್. ಪೀಣ್ಯದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ 10 ಟನ್ ಲಾರಿಯ ಚಲನಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ! ಗುಂಡು ಗೋಡೆಯೊಳಗೆ ಅರ್ಧ ಮೀಟರ್ ಹೊಕ್ಕು ನಿಂತರೆ ಸರಾಸರಿ ಬಲ 12.8 ಲಕ್ಷ ನ್ಯೂಟನ್. ಎರಡು ಮೀಟರ್ ಹೊಕ್ಕು ನಿಂತರೆ 3.2 ಲಕ್ಷ ನ್ಯೂಟನ್ ಮಾತ್ರ. ಮೆತ್ತನೆಯ ಮಣ್ಣು ಗುಂಡನ್ನು ನಿಧಾನವಾಗಿ ನುಂಗುತ್ತದೆ. ಕಲ್ಲು ಬಿರಿಯುತ್ತದೆ.

ಹಾಗಾದರೆ ಮಣ್ಣೇ ಮೇಲಲ್ಲವೇ? ಮಳೆಯನ್ನು ಮರೆಯಬೇಡಿ. ಮಣ್ಣಿನ ಗೋಡೆ ಮಳೆಗೆ ಕರಗಿ ಇಳಿಜಾರಾಗುತ್ತದೆ, ಶತ್ರು ಸುಲಭವಾಗಿ ಹತ್ತಬಹುದು. ಆದ್ದರಿಂದ ಹೊರಗೆ ಕಡಿದಾದ ಕಲ್ಲಿನ ಗೋಡೆ, ಒಳಗೆ ಮಣ್ಣಿನ ಒತ್ತು ಎಂಬ ವಿಧಾನ ಅನೇಕ ದೇಶಗಳಲ್ಲಿ ರೂಢಿಗೆ ಬಂತು.

ದುಂಡು ಬುರುಜಿನ ಗುಟ್ಟೂ ಸರಳವೇ. ಗುಂಡು ನೇರವಾಗಿ ಬಡಿಯದೆ, ಮೇಲ್ಮೈಯ ಲಂಬಕ್ಕೆ 60 ಡಿಗ್ರಿ ಓರೆಯಾಗಿ ತಾಗಿದರೆ ವೇಗದ ಲಂಬ ಘಟಕ ಅರ್ಧವಾಗುತ್ತದೆ, ಅದಕ್ಕೆ ಸೇರಿದ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಚೌಕ ಬುರುಜಿನ ಮೂಲೆಗಲ್ಲಿಗೆ ಎರಡು ಕಡೆ ಆಸರೆಯಿಲ್ಲ, ದುಂಡು ಬುರುಜಿಗೆ ಮೂಲೆಯೇ ಇಲ್ಲ. ವೇಲ್ಸ್ ನಾಡಿನಲ್ಲಿ 1283ರಲ್ಲಿ ಆರಂಭವಾದ ಕಾನ್ವಿ ಕೋಟೆಯಲ್ಲೂ ದುಂಡು ಬುರುಜುಗಳಿವೆ. ಆಗ ಯುರೋಪಿನ ಯುದ್ಧಗಳಿಗೆ ತೋಪು ಇನ್ನೂ ಬಂದಿರಲಿಲ್ಲ. ಬುಡ ಅಗೆದು ಮೂಲೆ ಕೆಡವುವವರ ಭಯವೇ ಸಾಕಾಗಿತ್ತು.

ಗುಂಡಿನ ವೇಗವನ್ನು ಅಳೆದದ್ದು ಹೇಗೆ? ಪದವಿ ತರಗತಿಯಲ್ಲಿ ನೀವು ಓದುವ ಬ್ಯಾಲಿಸ್ಟಿಕ್ ಲೋಲಕವನ್ನು ನೆನಪಿಸಿಕೊಳ್ಳಿ. ತೂಗುಬಿಟ್ಟ ಭಾರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತೆಂದು ನೋಡಿ, ಸಂವೇಗ ಸಂರಕ್ಷಣಾ ನಿಯಮದಿಂದ ವೇಗ ಕಂಡುಹಿಡಿಯುವ ಉಪಕರಣ ಅದು. ಅದನ್ನು 1742ರಲ್ಲಿ ವಿವರಿಸಿದ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್, ವೇಗದ ಗುಂಡಿಗೆ ಗಾಳಿಯ ತಡೆ ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂದು ತೋರಿಸಿದ. ಆತ ತೀರಿಕೊಂಡದ್ದು ಎಲ್ಲಿ ಗೊತ್ತೇ? ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ, 1751ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ದುರಸ್ತಿ ಮಾಡಲು ಆತ ಬಂದಿದ್ದ. ನಮ್ಮ ಪ್ರಯೋಗಶಾಲೆಯ ಲೋಲಕಕ್ಕೂ ದಕ್ಷಿಣ ಭಾರತದ ಕೋಟೆಗಳಿಗೂ ಇರುವ ನಂಟು ಇದು.

ಗೋಡೆ ಎಷ್ಟೇ ಜಾಣತನದ್ದಾದರೂ ಅದಕ್ಕೊಂದು ಮಿತಿಯಿದೆ. ಒಂದೇ ಜಾಗಕ್ಕೆ ಗುಂಡುಗಳು ಮತ್ತೆ ಮತ್ತೆ ಬಿದ್ದರೆ ಕಲ್ಲಿನ ಹೊದಿಕೆ ಕಳಚಿ, ಒಳಗಿನ ಮಣ್ಣು ಜಾರಿ, ಶತ್ರುವಿಗೆ ಅದೇ ಮೆಟ್ಟಿಲಾಗುತ್ತದೆ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಕೋಟೆಯನ್ನು ಹೊಕ್ಕದ್ದು ತೋಪುಗಳು ಒಡೆದ ಬಿರುಕಿನ ಮೂಲಕ. ದೇವನಹಳ್ಳಿಯೂ ಅದೇ ವರ್ಷ ಕೈಬಿಟ್ಟಿತು.

ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಪ್ರವಾಸಕ್ಕೆ ಮಕ್ಕಳನ್ನು ಇಲ್ಲಿಗೆ ಕರೆತನ್ನಿ. ಒಂದು ಟೇಪು, ಒಂದು ಕೋನಮಾಪಕ, ದಾರಕ್ಕೆ ಕಟ್ಟಿದ ಕಲ್ಲು ಸಾಕು. ಗೋಡೆಯ ಓರೆ, ಬುರುಜಿನ ಸುತ್ತಳತೆ, ತೋಪಿನ ಕಿಂಡಿಯಿಂದ ಕಾಣುವ ಕೋನ, ಇವನ್ನು ಅವರೇ ಅಳೆಯಲಿ. ಕಲ್ಲನ್ನು ಕೀಳಬಾರದು, ಗೋಡೆಯ ಮೇಲೆ ಗೀಚಬಾರದು ಎಂಬುದನ್ನು ಮೊದಲೇ ಹೇಳಿ. ವೈಟ್‌ಫೀಲ್ಡ್ ಪಕ್ಕದ ಹೊಸಕೋಟೆಗೆ ಹೆಸರು ಬಂದದ್ದೇ ಕೋಟೆಯಿಂದ. ಅಲ್ಲಿ ಹೆಸರು ಉಳಿದಷ್ಟು ಗಟ್ಟಿಯಾಗಿ ಗೋಡೆ ಉಳಿದಿಲ್ಲ. ದೇವನಹಳ್ಳಿಯಲ್ಲಿ ಅಳೆಯಲು ಗೋಡೆ ಇನ್ನೂ ಇದೆ. ಅಳೆದು ತಿಳಿದವರು ಅದನ್ನು ಬರಿಯ ಹಳೆಯ ಕಲ್ಲಿನ ರಾಶಿ ಎನ್ನಲಾರರು.