ಬಚ್ಚಲೊಲೆ ಮುಂದೆ ಗುಂಡು ಎರೆಯುತ್ತಿದ್ದ ಕಾಲ

ಭಾಗ 1/6: ಅಟ್ಟದಲ್ಲಿ ಸಿಕ್ಕ ಇಕ್ಕಳ

ಮೊದಲ ಫೋಟೋ ನೋಡಿ. ಇದೇನು ಹೇಳಿ ನೋಡೋಣ? ಕ್ಲಾಸಲ್ಲಿ ತೋರಿಸಿದಾಗ ಒಬ್ಬ ಅಡಿಕೆ ಕತ್ತರಿ ಅಂದ, ಇನ್ನೊಬ್ಬಳು ಹಲ್ಲು ಕೀಳೋ ಇಕ್ಕಳ ಅಂದಳು. ಎರಡೂ ಅಲ್ಲ. ಇದು ಸೀಸದ ಗುಂಡು ಎರೆಯೋ ಅಚ್ಚು.

ಮಳೆಗಾಲಕ್ಕೆ ಮುಂಚೆ ಕೊಪ್ಪದ ಹತ್ತಿರ ಇರೋ ಅಜ್ಜನ ಮನೆ ಅಟ್ಟ ಗುಡಿಸುವಾಗ ಸಿಕ್ತು. ಬಾಯಿ ಮುಚ್ಚಿದರೆ ಒಳಗೆ ಗೋಲಿಯಷ್ಟು ದುಂಡನೆಯ ಪೊಳ್ಳು, ಮೇಲೆ ಸೀಸ ಹೊಯ್ಯೋಕೆ ಒಂದು ತೂತು. ಅಷ್ಟೇ.

"ಬಾರೋ, ಎರಕ ಹೊಯ್ದು ರೀಲ್ ಮಾಡೋಣ" ಅಂತ ಫ್ರೆಂಡ್ ಒಬ್ಬ ಬೆನ್ನು ಬಿದ್ದಿದ್ದಾನೆ. ಯಾಕಾಗಲ್ಲ ಅಂತ ಅವನಿಗೆ ಹೇಳಕ್ಕೆ ಹೋಗಿ ಈ ಸೀರೀಸ್ ಆಯ್ತು.

ಭಾಗ 2/6: ಮನೆಯೇ ಕಾರ್ಖಾನೆ

ಅಜ್ಜನದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಗಜದಲ್ಲಿ ಜಡಿಯೋದು. ಇಂಥ ಕೋವಿಗೆ ಅಂಗಡಿಯಲ್ಲಿ ರೆಡಿ ತೋಟಾ ಇರಲ್ಲ. ಹಾಗಾಗಿ ಗುಂಡು ಮನೆಯಲ್ಲೇ ಆಗಬೇಕಿತ್ತು.

ಅಜ್ಜಿ ಹೇಳೋದು ಕೇಳಿ: ಮಳೆಗಾಲದ ಸಂಜೆ, ಬಚ್ಚಲೊಲೆಯಲ್ಲಿ ಹೇಗೂ ಬೆಂಕಿ ಇರ್ತಿತ್ತು. ಹರಿದ ಬೀಸುಬಲೆಯ ಸೀಸದ ಮಣಿಗಳನ್ನೆಲ್ಲ ಒಂದು ಹಳೇ ಕಬ್ಬಿಣದ ಸೌಟಿಗೆ ಹಾಕಿ ಕರಗಿಸ್ತಿದ್ದರಂತೆ. ಗುಂಡು ಆರಿದ ಮೇಲೆ ಅದರ ಬಾಲ ಕತ್ತರಿಸಿ ನಯ ಮಾಡೋದು ಮಕ್ಕಳ ಕೆಲಸ.

ಮನೆ ಒಲೆಯಲ್ಲಿ ಇದು ಹೇಗೆ ಸಾಧ್ಯ ಅಂದ್ರೆ, ಸೀಸ ಕರಗೋದು ಸುಮಾರು 327 ಡಿಗ್ರಿಗೆ. ಕಬ್ಬಿಣಕ್ಕೆ 1538 ಡಿಗ್ರಿ ಬೇಕು. ಕಬ್ಬಿಣಕ್ಕೆ ಕುಲುಮೆ, ಕಮ್ಮಾರ ಬೇಕು. ಸೀಸಕ್ಕೆ ಸೌದೆ ಸಾಕು. ಆದರೆ ಕರಗಿದ ಸೀಸದೊಳಗೆ ಒಂದು ಹನಿ ನೀರು ಸೇರಿದರೂ ಅದು ಆವಿಯಾಗಿ ಸಿಡಿದು ಸೀಸವನ್ನೆಲ್ಲ ಮುಖಕ್ಕೆ ಎರಚತ್ತೆ. ಬಚ್ಚಲಲ್ಲಿ ನೀರಿಗೇನು ಬರ?

ಭಾಗ 3/6: 12 ಬೋರ್ ಅಂದ್ರೆ ಎಷ್ಟು?

ನಮ್ಮೂರಲ್ಲಿ "ಟ್ವೆಲ್ವ್ ಬೋರ್" ಅನ್ನೋ ಪದ ಕೇಳದವರು ಯಾರು! ಆ 12 ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಎರೆದರೆ, ಅಂಥ ಒಂದು ಗುಂಡು ಕೂರೋ ನಳಿಗೆಯೇ 12 ಬೋರ್. 454 ಗ್ರಾಂ ಭಾಗಿಸು 12, ಒಂದು ಗುಂಡಿಗೆ ಹತ್ತಿರ ಹತ್ತಿರ 38 ಗ್ರಾಂ. 16 ಬೋರ್ ಅಂದ್ರೆ 28 ಗ್ರಾಂ. ಅದಕ್ಕೇ ನಂಬರ್ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಮನೆಯಲ್ಲಿ ಗುಂಡು ಎರೆಯುತ್ತಿದ್ದ ಕಾಲದ ಲೆಕ್ಕ ಇವತ್ತಿಗೂ ಫ್ಯಾಕ್ಟರಿ ಕೋವಿಯ ಮೇಲೆ ಕೂತಿದೆ.

"ಕೇಪು" ಬಂದದ್ದೂ ಮಜವಾಗಿದೆ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್‌ಗೆ ಬೇಟೆ ಹುಚ್ಚು. ಕಲ್ಲಿನ ಕಿಡಿಯ ಕೋವಿಯಲ್ಲಿ ಮೊದಲು ಹೊರಗೆ ಮಿಂಚು, ಆಮೇಲೆ ಈಡು. ಮಿಂಚು ಕಂಡು ಹಕ್ಕಿ ಹಾರಿಹೋಗೋದು. 1807ರಲ್ಲಿ ಆತ ಪೆಟ್ಟಿಗೆ ಸಿಡಿಯೋ ಮದ್ದಿನ ವಿಧಾನಕ್ಕೆ ಪೇಟೆಂಟ್ ತಗೊಂಡ. ಕೇಪು ಬಂದದ್ದು ಅದರ ಬೆನ್ನಿಗೆ.

ಇನ್ನೊಂದು, ನಮ್ಮ ಕಾಮರ್ಸಿನವರಿಗೆ: ಕರ್ನಾಟಕದಲ್ಲಿ ಸೀಸ ಗುಂಡಾಗೋದಕ್ಕೆ ನೂರಾರು ವರ್ಷ ಮೊದಲೇ ದುಡ್ಡಾಗಿತ್ತು. ಶಾತವಾಹನರ ಕಾಲದ ಸೀಸದ ನಾಣ್ಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, ಚುಟು ಅರಸರದ್ದು ಕಾರವಾರದ ಕಡೆ.

ಭಾಗ 4/6: ಕೋವಿ ಯಾಕೆ ಬೇಕಿತ್ತು?

ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಅವರ "ಮಲೆನಾಡಿನ ಚಿತ್ರಗಳು" ಓದಿದವರಿಗೆ ಆಗಿನ ಮಲೆನಾಡಲ್ಲಿ ಬೇಟೆ ಎಷ್ಟು ಮಾಮೂಲಿ ಅಂತ ಗೊತ್ತು. ಆದರೆ ಅಜ್ಜನಂಥ ಸಣ್ಣ ರೈತರಿಗೆ ಕೋವಿ ಶೋಕಿಯಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಎಲ್ಲಿ ನೋಡಿದರೂ ಗದ್ದೆ, ತೋಟ ಕಾಡಿಗೆ ಅಂಟಿಕೊಂಡೇ ಇವೆ. ಹಂದಿ ಒಂದು ರಾತ್ರಿ ನುಗ್ಗಿದರೆ ವರ್ಷದ ಭತ್ತ ಹೋಯ್ತು. ಮಾಳದಲ್ಲಿ ಕೂತು ಒಂದು ಈಡು ಗಾಳಿಗೆ ಹೊಡೆಯೋದೇ ಬೇಲಿ.

ಕಾನೂನಿಗೂ ಇದು ಗೊತ್ತಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬೋ ಕೋವಿಗೆ ಲೈಸೆನ್ಸ್ ಕೊಡೋ ಮಾತು ಹೆಸರಿಟ್ಟೇ ಇದೆ. "ಕೊಡಗಿನಲ್ಲಿ ಲೈಸೆನ್ಸೇ ಬೇಡ, ನಮಗ್ಯಾಕೆ?" ಅಂತ ಕೇಳೋರು ಇದ್ದಾರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋ ವಿನಾಯಿತಿ ಬ್ರಿಟಿಷರ ಕಾಲದ್ದು. ನಾವಾಗ ಮೈಸೂರು ಸಂಸ್ಥಾನ, ಆ ವಿನಾಯಿತಿ ನಮಗೆ ಬರಲಿಲ್ಲ.

ಭಾಗ 5/6: ಎರಕ ನಿಂತದ್ದು

ಕೋವಿಗೆ ಲೈಸೆನ್ಸ್ ಇದ್ದರೆ ಗುಂಡು ಮಾಡಬಹುದು ಅಂತಲ್ಲ. ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೆ ಬೇರೆಯೇ ಲೈಸೆನ್ಸ್ ಬೇಕು. ಇನ್ನೂ ಒಂದು ವಿಷಯ, ಕಾಯ್ದೆಯ ಅರ್ಥದಲ್ಲಿ "ಮದ್ದುಗುಂಡು" ಅಂದ್ರೆ ಅದನ್ನು ತಯಾರಿಸೋ ಯಂತ್ರವೂ ಸೇರಿತು! 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಬೇಟೆಗೆ ತಡೆ ಬಿತ್ತು. ಎಲೆಕ್ಷನ್ ಬಂದಾಗಲೆಲ್ಲ ಕೋವಿ ಠಾಣೆಯಲ್ಲಿ ಡಿಪಾಸಿಟ್. ಬಡ್ಡಿ ಮಾತ್ರ ಇಲ್ಲ.

ಆದರೆ ನನಗೆ ನಿಜಕ್ಕೂ ಹೆದರಿಕೆ ಆಗಿದ್ದು ಕಾನೂನು ಓದಿ ಅಲ್ಲ. ಚಿಕ್ಕಪ್ಪ ನಗ್ತಾ ಹೇಳಿದರು, "ಗುಂಡು ಮೆತ್ತಗಿದೆಯಾ ಅಂತ ಹಲ್ಲಲ್ಲಿ ಕಚ್ಚಿ ನೋಡ್ತಿದ್ವಿ." ಸೀಸ ದೇಹಕ್ಕೆ ಯಾವ ಉಪಯೋಗಕ್ಕೂ ಬಾರದ ವಿಷ. ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯತ್ತೆ, ಮಕ್ಕಳ ಮೆದುಳಿಗೆ ಹೆಚ್ಚು ಹಾನಿ. ಇಷ್ಟು ಪ್ರಮಾಣ ಸೇಫ್ ಅನ್ನೋ ಮಟ್ಟವೇ ಇಲ್ಲ ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸೀಸ ಬೆರೆಸಿದ ಪೆಟ್ರೋಲನ್ನು ಭಾರತ 2000ದಲ್ಲಿ ನಿಲ್ಲಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ನಮ್ಮ ಬಚ್ಚಲಲ್ಲಿ ಅದೇ ಒಲೆಯ ನೀರು ಮೀಯೋಕೂ, ಅದೇ ಬೂದಿ ಪಾತ್ರೆ ತಿಕ್ಕೋಕೂ. ಯಾರಿಗೆ ಏನಾಯ್ತು ಅಂತ ಆಗ ಯಾರೂ ರಕ್ತ ಪರೀಕ್ಷೆ ಮಾಡಿಸಿ ನೋಡಲಿಲ್ಲ.

ಭಾಗ 6/6: ಕೊನೇ ಫೋಟೋ

ಅಜ್ಜ ಹೋದ ಮೇಲೆ ಕೋವಿ ಠಾಣೆಯಲ್ಲೇ ಇದೆ. ಲೈಸೆನ್ಸ್ ತನ್ನ ಹೆಸರಿಗೆ ಮಾಡಿಸೋದಾ, ಬಿಟ್ಟೇ ಬಿಡೋದಾ ಅಂತ ಅಪ್ಪ ಇನ್ನೂ ತೀರ್ಮಾನ ಮಾಡಿಲ್ಲ. ಹಂದಿ, ಮಂಗ ಮಾತ್ರ ಕಾಯ್ತಾ ಕೂತಿಲ್ಲ. ಈ ವರ್ಷ ಕೆಳಗಿನ ಗದ್ದೆ ಹಾಳು ಬಿಟ್ಟಿದ್ದೇವೆ.

ಅಚ್ಚನ್ನು ಶೋಕೇಸಲ್ಲಿ ಇಡೋಣ ಅಂತ ನನಗೆ ಆಸೆ ಇತ್ತು. ಸೆಕ್ಷನ್ ಓದಿ ಹೇಳಿದ ಮೇಲೆ ಅಪ್ಪ ಅದನ್ನು ಪೇಪರಲ್ಲಿ ಸುತ್ತಿ, ಠಾಣೆಗೆ ಹೋಗಿ ಒಪ್ಪಿಸಿ ಬಂದರು. ಅಜ್ಜಿ ಏನೂ ಅನ್ನಲಿಲ್ಲ. "ಆ ಸೌಟಾದರೂ ಎಲ್ಲಿ ಹೋಯ್ತೋ" ಅಂದರು, ಅಷ್ಟೇ.

ಹಾಗಾಗಿ ರೀಲ್ ಇಲ್ಲ ಕಣೋ, ಸಾರಿ. ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದು ಸಿಕ್ಕರೆ ಒಲೆ ಹತ್ತಿರ ಒಯ್ಯಬೇಡಿ. ಮೊದಲು ಅಜ್ಜಿ ಹತ್ರ ಕೂತು ಕೇಳಿ. ಅವರು ಇರುವಾಗಲೇ.

#ಮಲೆನಾಡು #ಕೊಪ್ಪ #ಶೃಂಗೇರಿ #ಎನ್‌ಆರ್‌ಪುರ #ಅಟ್ಟದಇತಿಹಾಸ