ಮೈಸೂರು ಅನಂತಸ್ವಾಮಿ

ಮೈಸೂರು ಅನಂತಸ್ವಾಮಿ (ಅಕ್ಟೋಬರ್ 19, 1936 – ಜನವರಿ 9, 1995) ಕನ್ನಡ ಸುಗಮ ಸಂಗೀತ ಕ್ಷೇತ್ರದ ಪ್ರಮುಖ ಗಾಯಕರು ಹಾಗೂ ರಾಗ ಸಂಯೋಜಕರು. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' ಗೀತೆಗೆ ಇವರು ನೀಡಿದ ಧಾಟಿಯನ್ನು ಕರ್ನಾಟಕ ಸರ್ಕಾರವು 2022ರಲ್ಲಿ ನಾಡಗೀತೆಯ ಅಧಿಕೃತ ಧಾಟಿಯನ್ನಾಗಿ ಅಂಗೀಕರಿಸಿತು.

ಹಿನ್ನೆಲೆ

ಅನಂತಸ್ವಾಮಿ ಜನಿಸಿದ್ದು ಮೈಸೂರಿನಲ್ಲಿ. ತಾತ ಚಿಕ್ಕರಾಮರಾಯರು ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದರು. ಆದರೆ ಮೊಮ್ಮಗ ಹೆಸರು ಮಾಡಿದ್ದು ಶಾಸ್ತ್ರೀಯ ಕಛೇರಿಯಲ್ಲಲ್ಲ, ಭಾವಗೀತೆಯಲ್ಲಿ.

ಕನ್ನಡ ಕವಿತೆಗಳನ್ನು ವೇದಿಕೆಯ ಮೇಲೆ ಹಾಡಿ ಜನಪ್ರಿಯಗೊಳಿಸಿದವರಲ್ಲಿ ಮೊದಲಿಗರು ಪಿ. ಕಾಳಿಂಗರಾವ್. ಅವರೊಂದಿಗೆ ಮೋಹನ್‌ಕುಮಾರಿ ಮತ್ತು ಸೋಹನ್‌ಕುಮಾರಿ ದನಿಗೂಡಿಸುತ್ತಿದ್ದರು. ಆ ಪರಂಪರೆಯನ್ನು ಮುಂದಿನ ತಲೆಮಾರಿನಲ್ಲಿ ಬೆಳೆಸಿದವರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರು.

ನಿತ್ಯೋತ್ಸವ

ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿ ರಾಗ ಸಂಯೋಜಿಸಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಇದನ್ನು ಗುರುತಿಸಲಾಗುತ್ತದೆ. ಅಲ್ಲಿಯವರೆಗೆ ಭಾವಗೀತೆಗೆ ಇದ್ದ ದಾರಿಗಳೆಂದರೆ ಆಕಾಶವಾಣಿ, ಸಭೆ-ಸಮಾರಂಭ ಮತ್ತು ಗ್ರಾಮಫೋನ್ ತಟ್ಟೆ. ಧ್ವನಿಸುರುಳಿಯಿಂದಾಗಿ ಪುಸ್ತಕ ಕೊಳ್ಳದವರ ಮನೆಗೂ ಕವಿತೆ ತಲುಪಿತು. ಶೀರ್ಷಿಕೆ ಗೀತೆಯು ಶಾಲಾ ವಾರ್ಷಿಕೋತ್ಸವ, ರಾಜ್ಯೋತ್ಸವಗಳಲ್ಲಿ ಇಂದಿಗೂ ಹಾಡಲ್ಪಡುತ್ತದೆ. ಹಾಡುವ ಮಕ್ಕಳಲ್ಲಿ ಹಲವರಿಗೆ ಕವಿಯ ಹೆಸರು ತಿಳಿದಿದ್ದರೂ ರಾಗ ಹಾಕಿದವರ ಹೆಸರು ತಿಳಿದಿರುವುದಿಲ್ಲ.

ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಅನಂತಸ್ವಾಮಿಯವರ ಗಾಯನದ ಮತ್ತೊಂದು ಮುಖ. ಹೆಂಡಕುಡುಕನ ಆಡುಮಾತಿನಲ್ಲಿರುವ ಈ ಪದ್ಯಗಳಿಗೆ ಸ್ವರಶುದ್ಧಿಯಷ್ಟೇ ಮಾತಿನ ವರಸೆಯೂ ಬೇಕಾಗುತ್ತದೆ. ಮುಂದೆ ಇವರ ಪುತ್ರ ರಾಜು ಅನಂತಸ್ವಾಮಿ ಇದೇ ಪದ್ಯಗಳಿಂದ ಹೆಸರಾದರು.

ಸಮೂಹ ಗಾಯನ ಮತ್ತು ನಾಡಗೀತೆಯ ಧಾಟಿ

ಅಮೆರಿಕದ ಡೂ-ವಾಪ್ ತಂಡಗಳಲ್ಲಿ ಮುಖ್ಯ ಗಾಯಕನ ಹಿಂದೆ ಇತರರು ಬೇರೆ ಬೇರೆ ಸ್ಥಾಯಿಗಳಲ್ಲಿ ದನಿ ಸೇರಿಸುತ್ತಾರೆ. ಕನ್ನಡದ ಸಮೂಹ ಗಾಯನದ ರೂಢಿ ಹಾಗಲ್ಲ. ಸಾಮಾನ್ಯವಾಗಿ ಎಲ್ಲರೂ ಒಂದೇ ಧಾಟಿಯನ್ನು ಒಟ್ಟಾಗಿ ಹಾಡುತ್ತಾರೆ. ಆದ್ದರಿಂದ ಯಾವ ಧಾಟಿ ಎಂಬುದು ಮೊದಲೇ ನಿಶ್ಚಯವಾಗಿರಬೇಕಾಗುತ್ತದೆ. ನಾಡಗೀತೆಯ ವಿವಾದದ ಮೂಲ ಇಲ್ಲಿದೆ.

ಕುವೆಂಪು ಅವರ ಗೀತೆಯನ್ನು ರಾಜ್ಯ ಸರ್ಕಾರ 2004ರಲ್ಲಿ ನಾಡಗೀತೆಯೆಂದು ಘೋಷಿಸಿದರೂ ಧಾಟಿಯ ಪ್ರಶ್ನೆ ಇತ್ಯರ್ಥವಾಗಿರಲಿಲ್ಲ. ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಇಬ್ಬರ ಧಾಟಿಗಳೂ ಬಳಕೆಯಲ್ಲಿದ್ದವು, ಎರಡಕ್ಕೂ ಅಭಿಮಾನಿಗಳಿದ್ದರು. ಹಾಡಲು ಹಿಡಿಯುವ ಕಾಲವೂ ಸಭೆಯಿಂದ ಸಭೆಗೆ ಬದಲಾಗುತ್ತಿತ್ತು. ಸರ್ಕಾರ ಒಂದರ ನಂತರ ಒಂದು ಸಮಿತಿ ನೇಮಿಸಿತು. ಕೊನೆಗೆ ಎಚ್. ಆರ್. ಲೀಲಾವತಿ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ, ಆಲಾಪ ಮತ್ತು ಪುನರಾವರ್ತನೆಗಳಿಲ್ಲದೆ ಪೂರ್ಣಪಾಠವನ್ನು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು 2022ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಬಿದ್ದಿತು. ಆಗ ಅನಂತಸ್ವಾಮಿ ನಿಧನರಾಗಿ 27 ವರ್ಷ ಕಳೆದಿತ್ತು. ಅಶ್ವತ್ಥ್ ಕೂಡ 2009ರಲ್ಲೇ ತೀರಿಕೊಂಡಿದ್ದರು.

ಒಂದೇ ಧಾಟಿಯನ್ನು ಕಡ್ಡಾಯಗೊಳಿಸಿದ್ದನ್ನು ಪ್ರಶ್ನಿಸಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟ್ ಮೊರೆ ಹೋದರು. ವಿಚಾರಣೆಯ ವೇಳೆ ಅವರು ನ್ಯಾಯಾಲಯದಲ್ಲೇ ಗೀತೆಯನ್ನು ಹಾಡಿ ತೋರಿಸಿದ್ದು ಅಪರೂಪದ ಸಂಗತಿ. 2024ರ ಏಪ್ರಿಲ್‌ನಲ್ಲಿ ಅರ್ಜಿ ವಜಾಗೊಂಡು ಸರ್ಕಾರದ ಆದೇಶ ಊರ್ಜಿತವಾಯಿತು. ಈ ತೀರ್ಪು ಅಶ್ವತ್ಥ್ ಅವರ ಸಂಯೋಜನೆಯ ಸಂಗೀತ ಮೌಲ್ಯವನ್ನು ಅಳೆದದ್ದಲ್ಲ ಎಂಬುದನ್ನು ಚರ್ಚೆಯ ಬಿಸಿಯಲ್ಲಿ ಹಲವರು ಮರೆತಂತೆ ಕಾಣುತ್ತದೆ.

ಕುಟುಂಬ

ಪುತ್ರ ರಾಜು ಅನಂತಸ್ವಾಮಿ ಗಾಯಕರಾಗಿ, ಸಂಯೋಜಕರಾಗಿ ಹೆಸರು ಮಾಡಿ, 2009ರ ಜನವರಿ 17ರಂದು ಚಿಕ್ಕ ವಯಸ್ಸಿನಲ್ಲೇ ನಿಧನರಾದರು. ಪುತ್ರಿ ಸುನೀತಾ ಅನಂತಸ್ವಾಮಿ ಕೂಡ ಸುಗಮ ಸಂಗೀತ ಗಾಯಕಿ.